ಲುಂಬಾಯನ್ ಊರು ಕಡಲಿಗಿಳಿದ ಬಗೆ

ಸನ್ನಿಬ್ಯಾಂಕ್, ಬ್ರಿಸ್ಬೇನ್
4 ಮಾರ್ಚ್ 2013

ವೇಣು ಅಂಕಲ್,

ನನ್ನ ಗುರುತು ನಿಮಗೆ ಹತ್ತಲಿಕ್ಕಿಲ್ಲ. ನಾನು ಮಧುರಾ, ನಿಮ್ಮ ಕೈಕೆಳಗೆ ಸರ್ವೇಯರ್ ಆಗಿದ್ದ ಚಂದ್ರಮೌಳಿಯವರ ಮಗಳು. ಫಿಲಿಪೀನ್ಸಿನ ಲುಂಬಾಯನ್‌ನಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಬೇಲಿ. ನಾನು ಹುಟ್ಟಿದ್ದು ಅಲ್ಲೇ. ನನಗೆ ಎಂಟು ವರ್ಷವಾಗಿದ್ದಾಗ, 1979ರಲ್ಲಿ, ನಾವು ಇದ್ದಕ್ಕಿದ್ದಂತೆ ಮೈಸೂರಿಗೆ ಹೊರಟುಬಿಟ್ಟೆವು. ಆ ದಿನ ಅರ್ಧ ಊರು ದೋಣಿ ಹತ್ತುವ ಜೆಟ್ಟಿಗೆ ಬಂದಿತ್ತು, ನೀವು ಬಂದಿರಲಿಲ್ಲ. ಅದೊಂದು ಚೆನ್ನಾಗಿ ನೆನಪಿದೆ.

ಈಗ ಇಲ್ಲಿ ಡಾಕ್ಟರ್ ಆಗಿ ಕ್ಲಿನಿಕ್ ನೋಡಿಕೊಳ್ಳುತ್ತೇನೆ. ಅಪ್ಪ ಹೋಗಿ ಹದಿನೈದು ವರ್ಷವಾಯಿತು, ಅಮ್ಮ ನನ್ನ ಜೊತೆಗಿದ್ದಾರೆ. ನಿಮ್ಮ ವಿಳಾಸ ಕೊಟ್ಟವರು ನಿಮ್ಮ ಮಗಳು ಭಾವನಾಳ ಸ್ನೇಹಿತೆ. ನಿಮಗೆ ಕಿವಿ ಮಂದವಾಗಿದೆ, ಫೋನು ಬೇಡ, ಕಾಗದ ಬರೆದರೆ ಉತ್ತರ ಖಂಡಿತ ಬರುತ್ತದೆ ಎಂದರು.

ವಿಷಯ ಇದು. ಹೋದ ವರ್ಷ ಬೆನ್ನುನೋವೆಂದು ಕ್ಲಿನಿಕ್ಕಿಗೆ ಬಂದ ವೆಲ್ಡರ್ ಒಬ್ಬ ಲುಂಬಾಯನ್‌ನವನೇ ಎಂದು ಗೊತ್ತಾಯಿತು. ಬ್ರಿಸ್ಬೇನಿನಲ್ಲಿ ಆ ಊರಿನ ನಲವತ್ತು ಮನೆಗಳಿವೆ, ಅವರದೊಂದು ಸಂಘವೂ ಇದೆ. ಬರುವ ಫೆಬ್ರವರಿಗೆ ಊರು ಹುಟ್ಟಿ ನೂರೈವತ್ತು ವರ್ಷ ತುಂಬುತ್ತದೆಯಂತೆ, ಸ್ಮರಣ ಸಂಚಿಕೆ ತರುತ್ತಿದ್ದಾರೆ. ಗುಡ್ಡದ ಮೇಲಿದ್ದ ಊರು ಕಡಲ ದಡಕ್ಕೆ ಇಳಿದು ಬೆಳೆದದ್ದು ಹೇಗೆ ಎಂಬ ಅಧ್ಯಾಯ ನನ್ನ ಪಾಲಿಗೆ ಬಂದಿದೆ, ಏಕೆಂದರೆ ಇಳಿಸಿದವರು ನಮ್ಮವರೇ ಅಲ್ಲವೆ.

ಅಪ್ಪ ಆ ಊರಿನ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಅಮ್ಮನನ್ನು ಕೇಳಿದರೆ ಅಡುಗೆಮನೆಗೆ ಎದ್ದು ಹೋಗುತ್ತಾರೆ. ನನ್ನನ್ನು ಎತ್ತಿ ಆಡಿಸಿದ ಮಾನಾಂಗ್ ಕೋರಾ ನಿಮಗೆ ನೆನಪಿರಬಹುದು. ಮಾನಾಂಗ್ ಎಂದರೆ ಅಕ್ಕ, ಆದರೆ ನನಗೆ ಆಕೆ ಅರ್ಧ ತಾಯಿ. ಈಗ ಎಪ್ಪತ್ತೆರಡು. ನೀವು ಕಟ್ಟಿದ ದಡದ ಕಾಲೋನಿಯಲ್ಲೇ ಮಗಳು ಮರಿತೆಸ್ ಜೊತೆ ಇದ್ದಾಳೆ, ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಆಕೆಗೆ ಗೊತ್ತಿರುವುದು ತನ್ನ ಬೀದಿಯ ಕಥೆ. ಇಡೀ ಊರಿನ ಕಥೆ ನಿಮಗೆ ಗೊತ್ತು. ಬರೆದು ತಿಳಿಸುತ್ತೀರಾ?

ಮಧುರಾ


ಕ್ಯಾನಿಂಗ್ ವೇಲ್, ಪರ್ತ್
25 ಮಾರ್ಚ್ 2013

ಮಧುರಾ,

ನಿನ್ನ ಕಾಗದವನ್ನು ಭಾವನಾ ಸೂಪರ್‌ಮಾರ್ಕೆಟ್ಟಿನ ಕ್ಯಾಟಲಾಗುಗಳ ಜೊತೆ ಬಿನ್ನಿಗೆ ಹಾಕುವುದರಲ್ಲಿದ್ದಳು. ಲಕೋಟೆಯ ಮೇಲೆ ಕನ್ನಡದಲ್ಲೂ ಬರೆದಿದ್ದ ನನ್ನ ಹೆಸರು ನೋಡಿ ನಾನೇ ತಡೆದೆ. ನಿನ್ನಪ್ಪನ ‘ಣ’ಕಾರ ನಿನಗೂ ಬಂದಿದೆ.

ಎಪ್ಪತ್ತೆಂಟರ ಮುದುಕನನ್ನು ಊರಿನ ಕಥೆ ಕೇಳಿದ್ದೀಯ, ಓದುವ ತಾಳ್ಮೆ ನಿನಗಿರಲಿ. ಈ ಬಡಾವಣೆಯಲ್ಲಿ ಕಾರಿಲ್ಲದವನು ಬೇಲಿಯೊಳಗಿನ ಮೇಕೆ. ಬರೆಯುವುದಕ್ಕೆ ನನಗೆ ಬೇಕಾದಷ್ಟು ಸಮಯವಿದೆ.

ಲುಂಬಾಯನ್ ಮೊದಲು ಗುಡ್ಡದ ಏಣಿನ ಮೇಲಿತ್ತು. ಸ್ಪೇನಿನ ಪಾದ್ರಿಗಳು ಹವಳದ ಕಲ್ಲಿನಿಂದ ಚರ್ಚು ಕಟ್ಟಿದರು. ದಡದಲ್ಲಿ ಇರಲು ಜನಕ್ಕೆ ಹೆದರಿಕೆ, ಕಡಲ ಮೇಲಿಂದ ಕೊಳ್ಳೆಗಾರರು ಬರುತ್ತಿದ್ದರು. ಚರ್ಚಿನ ಗಂಟೆ ಇದ್ದದ್ದು ಪ್ರಾರ್ಥನೆಗಿಂತ ಹೆಚ್ಚಾಗಿ ಅದಕ್ಕೇ. ಬಾಳೆಯ ಜಾತಿಯ ಒಂದು ಗಿಡದ ನಾರಿನಿಂದ ಹಡಗಿನ ಹಗ್ಗ ಹೊಸೆದು ಊರು ಸ್ವಲ್ಪ ಚೇತರಿಸಿಕೊಂಡಿತು. ಯುದ್ಧದಲ್ಲಿ ಜಪಾನಿಯರು ಚರ್ಚನ್ನು ಉಗ್ರಾಣ ಮಾಡಿಕೊಂಡರು. ಆಮೇಲೆ ಕೊಬ್ಬರಿಯ ಕಾಲ. ಗುಡ್ಡದ ಮೇಲಿನ ಒಳ್ಳೆಯ ನೆಲವೆಲ್ಲ ಮನಿಲಾದಲ್ಲಿದ್ದ ಒಂದೇ ಮನೆತನದ ತೆಂಗಿನ ತೋಟವಾಯಿತು. ಉಳಿದವರು ಏಣಿನ ಹಿಂದಿನ ಕಮರಿಯಲ್ಲಿ ಮನೆ ಕಟ್ಟಿಕೊಂಡರು.

1970ರಲ್ಲಿ ನಾವು ಇಂಡಿಯಾದ ಕಂಪನಿಯಿಂದ ರಸ್ತೆ ಮತ್ತು ಜೆಟ್ಟಿಯ ಕೆಲಸಕ್ಕೆ ಹೋದಾಗ ಅಲ್ಲಿ ನಾಲ್ಕು ಸಾವಿರ ಜನ, ಒಂದು ಜನರೇಟರ್. ಹೆಂಗಸರು ಇನ್ನೂರು ಮೆಟ್ಟಿಲು ಇಳಿದು ನೀರು ಹೊತ್ತು ತರುತ್ತಿದ್ದರು. ಹದಿಮೂರು ವರ್ಷದ ಮೇಲೆ ನಾನು ಬಿಡುವಾಗ ನಲ್ಲಿ ಬಂದಿತ್ತು, ಹೈಸ್ಕೂಲು ಬಂದಿತ್ತು, ದಡದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜೌಗನ್ನು ತುಂಬಿಸಿ ಮುನ್ನೂರ ಹನ್ನೆರಡು ಸಂಸಾರಗಳಿಗೆ ಮನೆ ಕಟ್ಟಿದ್ದೆವು. ಎದುರಿಗೆ ಹನ್ನೊಂದು ಅಡಿಯ ಕಲ್ಲಿನ ತಡೆಗೋಡೆ. ಮಾರ್ಕೆಟ್ಟು, ಬಸ್ ನಿಲ್ದಾಣ ಎಲ್ಲ ಅದರ ಬೆನ್ನಿಗೇ ಬೆಳೆದವು. ಇವತ್ತಿನ ಊರು ಎಂದರೆ ಅದೇ.

ದಡಕ್ಕೆ ಇಳಿಸಿದ್ದು ಯಾರ ತೀರ್ಮಾನ ಎಂದು ನೀನು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಥವೆಲ್ಲ ಆಫೀಸಿನಲ್ಲಿ ಆಗುವ ತೀರ್ಮಾನಗಳು, ಒಬ್ಬರದು ಎಂದಿರುವುದಿಲ್ಲ. ನಿನ್ನಪ್ಪ ಒಳ್ಳೆಯ ಸರ್ವೇಯರ್. ಅವನಷ್ಟು ನಡೆದವರನ್ನು ನಾನು ಕಾಣೆ.

ನಿನ್ನಮ್ಮ ಸುಲೋಚನಾಗೆ ನನ್ನ ನಮಸ್ಕಾರ ಹೇಳು.

ವೇಣುಗೋಪಾಲ


ಸನ್ನಿಬ್ಯಾಂಕ್, ಬ್ರಿಸ್ಬೇನ್
12 ಮೇ 2013

ವೇಣು ಅಂಕಲ್,

ನಿಮ್ಮ ಕಾಗದವನ್ನು ಇಂಗ್ಲಿಷಿನಲ್ಲಿ ಸಂಘದವರಿಗೆ ಓದಿ ಹೇಳಿದೆ. ಮೆಟ್ಟಿಲುಗಳ ಮಾತು ಬಂದಾಗ ಇಬ್ಬರು ಹೆಂಗಸರು ಅತ್ತರು. ನಿಮ್ಮ ನಮಸ್ಕಾರವನ್ನು ಅಮ್ಮನಿಗೂ ತಲುಪಿಸಿದೆ. ಕೇಳಿಸಿಕೊಂಡು ಅಡುಗೆಮನೆಗೆ ಎದ್ದು ಹೋದರು.

ಒಂದು ವಿಷಯ ಕಾಡುತ್ತಿದೆ. ಅಪ್ಪನ ಟ್ರಂಕಿನಲ್ಲಿ 1978ರ ನಕಾಶೆಯೊಂದು ಸಿಕ್ಕಿತು, ಅವರ ಕೈಬರಹದ್ದು. ಗುಡ್ಡದ ಬುಡದುದ್ದಕ್ಕೂ ಕೆಂಪು ಗೆರೆ ಎಳೆದು ‘ಇದರ ಕೆಳಗೆ ವಾಸ ಸಲ್ಲದು’ ಎಂದು ಬರೆದಿದ್ದಾರೆ. ಸಂಚಿಕೆಗೆಂದು ಅಲ್ಲಿನ ಪುರಸಭೆಯಿಂದ ಅಂತಿಮ ಪ್ಲಾನಿನ ಫೋಟೋ ತರಿಸಿದ್ದೆವು. ಅದರಲ್ಲಿ ಕೆಂಪು ಗೆರೆ ಇಲ್ಲ. ಗೆರೆ ಇದ್ದ ಜಾಗದ ಕೆಳಗೆ ಸಾಲುಸಾಲು ಮನೆಗಳಿವೆ. ಮೂಲೆಯಲ್ಲಿ ಅಪ್ಪನ ಸಹಿ ಇದೆ.

ಮಾನಾಂಗ್ ಕೋರಾಳನ್ನು ಕೇಳಿದೆ. ಅಪ್ಪ ಒಮ್ಮೆ ಚರ್ಚಿನ ಅಂಗಳದಲ್ಲಿ ಜನರೆದುರು ಕೂಗಾಡಿದ್ದರಂತೆ. ಅವರ ಇಂಗ್ಲಿಷು ಯಾರಿಗೂ ಅರ್ಥವಾಗಲಿಲ್ಲವಂತೆ. ಅದಾಗಿ ತಿಂಗಳೊಳಗೆ ನಾವು ಹೊರಟೆವು ಎಂದಳು.

ಅಂಕಲ್, ಅಪ್ಪ ಬೇಡವೆಂದು ಗೆರೆ ಎಳೆದು, ಆಮೇಲೆ ತಾವೇ ಸಹಿ ಹಾಕಿದ್ದು ಯಾಕೆ? ಹೆದರಿದರೇ? ಯಾರಾದರೂ ಏನಾದರೂ ಕೊಟ್ಟರೇ? ಮಗಳಾಗಿ ಇದನ್ನು ಕೇಳಲು ಕಷ್ಟವಾಗುತ್ತದೆ. ಗೊತ್ತಿರುವವರು ನೀವೊಬ್ಬರೇ ಉಳಿದಿದ್ದೀರಿ.

ಮಧುರಾ


ಕ್ಯಾನಿಂಗ್ ವೇಲ್, ಪರ್ತ್
20 ಜೂನ್ 2013

ಮಧುರಾ,

ಉತ್ತರ ತಡವಾಯಿತು. ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ.

ನಿನ್ನಪ್ಪ ಯಾರಿಂದಲೂ ಏನೂ ತೆಗೆದುಕೊಂಡವನಲ್ಲ. ಆ ಅನುಮಾನವನ್ನು ಬಿಡು. ಸಹಿಯ ವಿಚಾರಕ್ಕೆ ಬಂದರೆ, ಆಗಿನ ಕಾಲದಲ್ಲಿ ಒಂದು ಪ್ಲಾನಿಗೆ ಎಷ್ಟೋ ಜನ ಸಹಿ ಹಾಕುತ್ತಿದ್ದರು. ಮನುಷ್ಯ ಒಂದು ವರ್ಷ ಒಂದು ಯೋಚಿಸುತ್ತಾನೆ, ಮರುವರ್ಷ ಇನ್ನೊಂದು. ತಡೆಗೋಡೆ ಬಂದ ಮೇಲೆ ಅವನಿಗೂ ಧೈರ್ಯ ಬಂದಿರಬಹುದು. ಅವನ ಮೇಲೆ ಬೇಸರ ಮಾಡಿಕೊಳ್ಳಬೇಡ.

ಆ ಗೋಡೆಯ ಬಗ್ಗೆ ಬರೆ. ಅದರ ಕಲ್ಲುಗಳನ್ನು ಹನ್ನೆರಡು ಮೈಲಿಯಿಂದ ತರಿಸಿದ್ದೆ. ಒಂದೊಂದು ಕಲ್ಲನ್ನೂ ನಾನೇ ನಿಂತು ಕೂರಿಸಿದ್ದೇನೆ. ನೂರು ವರ್ಷ ಅಲುಗಾಡುವುದಿಲ್ಲ, ನಿನ್ನ ಕೋರಾಗೂ ಹೇಳು. ಶಾಲೆಯ ಬಗ್ಗೆ ಬರೆ. ಮೊದಲ ವರ್ಷ ಹತ್ತನೇ ತರಗತಿ ಮುಗಿಸಿದವರು ಏಳು ಮಂದಿ, ಅದರಲ್ಲಿ ಐದು ಹುಡುಗಿಯರು. ನಿನ್ನ ಬ್ರಿಸ್ಬೇನಿನ ಸಂಘದಲ್ಲಿ ನರ್ಸುಗಳಿದ್ದರೆ ಆ ಶಾಲೆಯಿಂದ ಬಂದವರೇ ಅಲ್ಲವೆ? ಊರಿನ ಕಥೆ ಎಂದರೆ ಅದು. ಯಾರ ಸಹಿ ಎಲ್ಲಿತ್ತು ಎಂಬುದಲ್ಲ.

ವೇಣುಗೋಪಾಲ


ಸನ್ನಿಬ್ಯಾಂಕ್, ಬ್ರಿಸ್ಬೇನ್
2 ಸೆಪ್ಟೆಂಬರ್ 2013

ವೇಣು ಅಂಕಲ್,

ನನ್ನ ಅಧ್ಯಾಯ ಮುಗಿಯಿತು, ಪ್ರೆಸ್ಸಿಗೂ ಹೋಯಿತು. ಶಾಲೆಯ ಬಗ್ಗೆ, ಗೋಡೆಯ ಬಗ್ಗೆ ನೀವು ಹೇಳಿದಂತೆಯೇ ಬರೆದಿದ್ದೇನೆ. ಅಪ್ಪನ ಬಗ್ಗೆಯೂ ಬರೆದೆ. ಎಚ್ಚರಿಕೆಯ ಗೆರೆ ಎಳೆದ ಸರ್ವೇಯರೇ ಕೊನೆಗೆ ಅದನ್ನು ಅಳಿಸಿದ ಪ್ಲಾನಿಗೆ ಸಹಿ ಹಾಕಿದರು ಎಂದು. ನನ್ನ ತಂದೆ ಎಂದು ಮುಚ್ಚಿಡುವುದು ಸರಿಯೆನಿಸಲಿಲ್ಲ. ಅಮ್ಮನಿಗೆ ಓದಿ ಹೇಳಲಿಲ್ಲ.

ನೂರು ವರ್ಷದ ಮಾತನ್ನು ಮಾನಾಂಗ್ ಕೋರಾಗೆ ಹೇಳಿದೆ. ಬಹಳ ಖುಷಿಪಟ್ಟಳು, ಅಕ್ಕಪಕ್ಕದವರಿಗೆಲ್ಲ ಹೇಳಿದ್ದಾಳಂತೆ. ಪ್ರತಿ ಸಲ ಚಂಡಮಾರುತ ಬಂದಾಗಲೂ ಮರಿತೆಸ್ ಅವಳನ್ನು ಗುಡ್ಡದ ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದಳು. ಮಂಡಿನೋವಿನಲ್ಲಿ ಇನ್ನೂರು ಮೆಟ್ಟಿಲು ಹತ್ತುವುದು ಹಿಂಸೆ. ಇನ್ನು ಆ ತೊಂದರೆ ಇಲ್ಲ ಎಂದಳು.

ಫೆಬ್ರವರಿಯ ಹಬ್ಬಕ್ಕೆ ನಾನು ಹೋಗುತ್ತಿದ್ದೇನೆ. ನೀವೂ ಬನ್ನಿ ಅಂಕಲ್. ಪರ್ತಿನಿಂದ ಮನಿಲಾ ದೂರವೇನಲ್ಲ.

ಮಧುರಾ


ಕ್ಯಾನಿಂಗ್ ವೇಲ್, ಪರ್ತ್
19 ಸೆಪ್ಟೆಂಬರ್ 2013

ಮಧುರಾ,

ಅಧ್ಯಾಯ ಮುಗಿಸಿದ್ದು ಸಂತೋಷ. ಪ್ರೆಸ್ಸಿಗೆ ಹೋಗಿಯೇ ಬಿಟ್ಟಿದೆ ಎಂದ ಮೇಲೆ ಅದರ ಬಗ್ಗೆ ನಾನು ಹೇಳುವಂಥದ್ದೇನೂ ಇಲ್ಲ.

ಬರುವ ವಾರ ನನ್ನನ್ನು ಅಡಿಲೇಡಿಗೆ ಸಾಗಿಸುತ್ತಿದ್ದಾರೆ, ಮಗ ವರುಣನ ಮನೆಗೆ. ಭಾವನಾಳ ಪಾಳಿ ಮುಗಿಯಿತು. ಹೊಸ ವಿಳಾಸ ಆಮೇಲೆ ತಿಳಿಸುತ್ತೇನೆ. ಪ್ರಯಾಣಕ್ಕೆ ಡಾಕ್ಟರು ಒಪ್ಪುವುದಿಲ್ಲ, ನೀನು ಹೋಗಿ ಬಾ.

ಕೋರಾ ಮರಿತೆಸ್ ಹೇಳಿದಂತೆ ಕೇಳಲಿ. ಮೆಟ್ಟಿಲು ಹತ್ತಿದರೆ ಮಂಡಿಗೂ ಒಳ್ಳೆಯದೇ.

ವೇಣುಗೋಪಾಲ


ಸನ್ನಿಬ್ಯಾಂಕ್, ಬ್ರಿಸ್ಬೇನ್
16 ನವೆಂಬರ್ 2013

ವೇಣು ಅಂಕಲ್,

ಹೊಸ ವಿಳಾಸ ಬರಲಿಲ್ಲ, ಅದಕ್ಕೇ ಇದನ್ನು ಭಾವನಾಳ ಮನೆಗೇ ಕಳಿಸುತ್ತಿದ್ದೇನೆ. ಚಂಡಮಾರುತದ ಸುದ್ದಿಯನ್ನು ಟೀವಿಯಲ್ಲಿ ನೋಡಿರುತ್ತೀರಿ. ಅವರು ತೋರಿಸುತ್ತಿರುವುದು ದೊಡ್ಡ ಪಟ್ಟಣಗಳನ್ನು. ಲುಂಬಾಯನ್ ಹೆಸರು ಯಾವ ಚಾನೆಲ್ಲಿನಲ್ಲೂ ಬರಲಿಲ್ಲ.

ಏಳನೇ ತಾರೀಖು, ಗುರುವಾರ ಮಧ್ಯಾಹ್ನ, ಮಾನಾಂಗ್ ಕೋರಾ ಕ್ಲಿನಿಕ್ಕಿಗೇ ಫೋನ್ ಮಾಡಿದಳು. ರೇಡಿಯೋದಲ್ಲಿ ‘ಸ್ಟಾರ್ಮ್ ಸರ್ಜ್’ ಅನ್ನುತ್ತಿದ್ದಾರೆ, ನೀನು ಡಾಕ್ಟರು, ಹಾಗಂದರೇನು ಹೇಳು ಎಂದಳು. ಕಡಲಿನ ನೀರು ಮೇಲಕ್ಕೆ ಬರುತ್ತದೆ ಎಂದೆ. ಎಷ್ಟು ಮೇಲಕ್ಕೆ ಎಂದಳು. ನನಗೆ ಗೊತ್ತಿರಲಿಲ್ಲ. ಗುಡ್ಡದ ಶಾಲೆಗೆ ಹೋಗಿಬಿಡಿ ಎಂದೆ. ಆಕೆ ನಕ್ಕಳು. ಗೋಡೆ ಇದೆಯಲ್ಲ ಮಗಳೇ, ನಿನ್ನ ಇಂಜಿನಿಯರ್ ಅಂಕಲ್ಲೇ ಹೇಳಿದ್ದಾರಲ್ಲ ಎಂದಳು. ನಾನು ಒತ್ತಾಯ ಮಾಡಲಿಲ್ಲ. ಹೊರಗೆ ಪೇಷೆಂಟುಗಳು ಕಾಯುತ್ತಿದ್ದರು.

ಆರು ದಿನ ಸುದ್ದಿಯೇ ಇರಲಿಲ್ಲ. ಸಂಘದ ಹಾಲ್‌ನಲ್ಲಿ ಎಲ್ಲರೂ ಕೂತಿದ್ದೆವು. ಯಾರದಾದರೂ ಫೋನ್ ಸದ್ದಾದರೆ ನಲವತ್ತು ಜನ ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಅಷ್ಟು ಜನರ ನಡುವೆ ಡಾಕ್ಟರು ಎಂದು ನಾನೊಬ್ಬಳಿದ್ದೆ, ಮಾಡಲು ಏನೂ ಇರಲಿಲ್ಲ. ಕೊನೆಗೆ ಪಕ್ಕದ ಊರಿಗೆ ನಡೆದುಕೊಂಡು ಹೋಗಿ ಮರಿತೆಸ್ ಮೆಸೇಜು ಕಳಿಸಿದಳು. ಅವಳು ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹತ್ತಿದ್ದಳು. ಕೋರಾ ಹತ್ತಲಿಲ್ಲ. ಶುಕ್ರವಾರ ಬೆಳಗ್ಗೆ ನೀರು ಗೋಡೆಯ ಮೇಲಿಂದ ಬಂತಂತೆ. ಗೋಡೆ ಬೀಳಲಿಲ್ಲ ಅಂಕಲ್, ಈಗಲೂ ನಿಂತಿದೆ. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಕೊಡದೆ ನಿಂತಿತ್ತು. ಮುನ್ನೂರಕ್ಕೂ ಹೆಚ್ಚು ಜನ ಹೋದರು, ಎಲ್ಲರೂ ದಡದ ಕಾಲೋನಿಯವರು. ಕೋರಾಳ ದೇಹ ಇನ್ನೂ ಸಿಕ್ಕಿಲ್ಲ.

ಅಪ್ಪನ ಫೋಟೋವನ್ನು ಮನೆಯ ಗೋಡೆಯಿಂದ ತೆಗೆದು ಬೀರುವಿನಲ್ಲಿಟ್ಟಿದ್ದೇನೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದರು. ನನಗಾದರೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು.

ಮಧುರಾ


ಸನ್ನಿಬ್ಯಾಂಕ್, ಬ್ರಿಸ್ಬೇನ್
9 ಡಿಸೆಂಬರ್ 2013

ವೇಣು ಅಂಕಲ್,

ನನ್ನ ಕಾಗದ ತಲುಪಿತೇ? ಭಾವನಾ ಅದನ್ನು ಅಡಿಲೇಡಿಗೆ ಕಳಿಸಿದೆ ಎಂದಳು. ಆರೋಗ್ಯವಾಗಿದ್ದೀರಾ? ಒಂದು ಸಾಲು ಬರೆಯಿರಿ.

ಮಧುರಾ


ಸ್ಯಾಲಿಸ್‌ಬರಿ, ಅಡಿಲೇಡ್
11 ಜನವರಿ 2014

ಮಧುರಾ,

ನಿನ್ನ ಎರಡೂ ಕಾಗದ ಬಂದಿವೆ. ತಡವಾದದ್ದಕ್ಕೆ ಅಂಚೆಯವರು ಕಾರಣರಲ್ಲ. ಆರು ಸಲ ಬರೆದು ಹರಿದಿದ್ದೇನೆ. ಇವತ್ತು ಇಲ್ಲಿ ನಲವತ್ತು ಡಿಗ್ರಿ ಬಿಸಿಲು. ವರುಣ ಬೆಳಗ್ಗೆ ಫ್ಯಾಕ್ಟರಿಗೆ ಹೋಗುವಾಗ “ಅಪ್ಪಾ, ಆರ್ವೋ ಹೊತ್ತಿಗೆ ಹೊರಗೆಲ್ಲೂ ಹೋಗ್ಬೇಡಿ” ಎಂದು ಹೇಳಿ ಹೋಗಿದ್ದಾನೆ, ಮಧ್ಯಾಹ್ನ ಎನ್ನುವುದು ಅವನಿಗೆ ಮರೆತಿದೆ. ಎಲ್ಲಿಗೆ ಹೋಗಲಿ? ಕೂತು ಬರೆಯುತ್ತಿದ್ದೇನೆ.

ನಿನ್ನಪ್ಪನ ಫೋಟೋ ಮತ್ತೆ ಗೋಡೆಗೆ ಹಾಕು. ಅವನು ಆ ಪ್ಲಾನಿಗೆ ಸಹಿ ಹಾಕಲಿಲ್ಲ.

1977ರ ಡಿಸೆಂಬರಿನಲ್ಲಿ ಕಮರಿಯ ಮೇಲೆ ಗುಡ್ಡ ಜರಿಯಿತು. ಹತ್ತೊಂಬತ್ತು ಜನ ಸತ್ತರು. ಒಬ್ಬ ತಾಯಿಯನ್ನೂ ಅವಳ ಮಗುವನ್ನೂ ನಾನೂ ಚಂದ್ರಮೌಳಿಯೂ ಕೈಯಿಂದ ತೋಡಿ ತೆಗೆದೆವು. ಉಳಿದ ಮುನ್ನೂರ ಹನ್ನೆರಡು ಸಂಸಾರ ಒಂದು ವರ್ಷ ಚರ್ಚಿನ ನೆಲದ ಮೇಲೆ ಮಲಗಿತು. ಗುಡ್ಡದ ತೆಂಗಿನ ತೋಟದಲ್ಲಿ ಜಾಗ ಕೊಡಿ ಎಂದು ಮನಿಲಾದ ಆ ಮನೆತನವನ್ನು ಮೂರು ಸಲ ಹೋಗಿ ಕೇಳಿದೆ. ಮೂರನೇ ಸಲ ಗೇಟು ತೆಗೆಯಲಿಲ್ಲ. ಸರ್ಕಾರದ ಕೈಯಲ್ಲಿ ಉಳಿದಿದ್ದ ನೆಲವೆಂದರೆ ಕಾಂಡ್ಲಾ ಜೌಗು ಮಾತ್ರ.

ಚಂದ್ರಮೌಳಿ ಹಳೆಯ ಬೆಸ್ತರ ಜೊತೆ ಒಂದು ತಿಂಗಳು ನಡೆದ. ಅವರ ಅಜ್ಜಂದಿರ ಕಾಲದಲ್ಲಿ ಒಮ್ಮೆ ಕಡಲು ಬಂದು ನಿಂತಿದ್ದ ಜಾಗಗಳನ್ನು ತೋರಿಸಿದರಂತೆ, ಒಂದು ಮರ, ಒಂದು ಬಂಡೆ, ಒಂದು ಸಮಾಧಿ. ಅವನ್ನೆಲ್ಲ ಸೇರಿಸಿ ಗೆರೆ ಎಳೆದ. ನಕಾಶೆಯನ್ನು ನನ್ನ ಮೇಜಿನ ಮೇಲೆ ಹಾಸಿ, “ಸಾರ್, ಈ ಗೆರೆ ನಾನೆಳೆದಿದ್ದಲ್ಲ, ನೀರು ಎಳೆದಿದ್ದು. ಇದರ ಕೆಳಗೆ ಮನೆ ಅಂದ್ರೆ ನಾನು ಸಹಿ ಹಾಕೊಲ್ಲ” ಎಂದ.

“ಹಾಗಾದ್ರೆ ಇವರನ್ನ ಎಲ್ಲಿಡೋಣ, ನೀನೇ ಹೇಳು” ಎಂದೆ.

ಕಾಯೋಣ ಎಂದ. ನನಗೆ ಕಾಯಲು ಮನಸ್ಸಿರಲಿಲ್ಲ. ರಾಜಧಾನಿಯಿಂದ ದೊಡ್ಡವರೊಬ್ಬರು ಉದ್ಘಾಟನೆಗೆ ಬರುವ ತಾರೀಖೂ ಗೊತ್ತಾಗಿತ್ತು. ಚರ್ಚಿನಲ್ಲಿ ಮಲಗಿದ್ದವರಿಗಾಗಿ ಮಾಡಿದೆನೋ ಆ ತಾರೀಖಿಗಾಗಿ ಮಾಡಿದೆನೋ ಎಂದು ಮೂವತ್ತೈದು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಚರ್ಚಿನವರಿಗಾಗಿ ಎಂದೇ ಉತ್ತರ ಬರುತ್ತದೆ. ಅದಕ್ಕೇ ನಂಬಿಕೆ ಸಾಲದು.

ಆಗ ಪ್ಲಾನುಗಳನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಇಂಕಿನಿಂದ ಬರೆಯುತ್ತಿದ್ದೆವು. ತಪ್ಪಾದರೆ ಬ್ಲೇಡಿನಿಂದ ಕೆರೆಯುವುದು ರೂಢಿ. ಆಫೀಸಿನಲ್ಲಿದ್ದ ಅವನ ಸರ್ವೆ ಹಾಳೆಯ ಮೇಲಿನ ಕೆಂಪು ಗೆರೆಯನ್ನು ನಾನೇ ಕೆರೆದೆ; ನಿನಗೆ ಸಿಕ್ಕಿದ್ದು ಅವನು ತನಗೆಂದು ಇಟ್ಟುಕೊಂಡ ಪ್ರತಿ. ಎರಡು ದಿನ ಹಿಡಿಯಿತು. ಅದೇ ಹಾಳೆಯ ಮೇಲೆ ಮನೆಗಳನ್ನು ಬರೆಸಿದೆ. ಮೂಲೆಯಲ್ಲಿ ‘ಸರ್ವೆ ಮಾಡಿದವರು’ ಎಂಬ ಕಡೆ ಅವನ ಸಹಿ ಮೊದಲೇ ಇತ್ತು. ಅದನ್ನು ನೆಲ ಅಳೆದದ್ದಕ್ಕೆ ಹಾಕಿದ್ದ, ಮನೆಗಳಿಗೆ ಹಾಕಿದ್ದಲ್ಲ. ಅದನ್ನೂ ಕೆರೆಯಬಹುದಿತ್ತು. ಇದ್ದರೆ ಒಳ್ಳೆಯದು ಎನಿಸಿತು, ಬಿಟ್ಟೆ.

ಅವನು ಚರ್ಚಿನ ಅಂಗಳದಲ್ಲಿ ಜನರಿಗೆ ಕೂಗಿ ಹೇಳಿದ. ನಾನು ಪಕ್ಕದಲ್ಲಿದ್ದ ದುಭಾಷಿಗೆ, ಇವರಿಗೆ ಹುಷಾರಿಲ್ಲ, ಊರಿಗೆ ಕಳಿಸುತ್ತಿದ್ದೇವೆ ಅಂತ ಹೇಳು ಎಂದೆ. ಜನ ಅವನನ್ನು ಮರುಕದಿಂದ ನೋಡಿದರು. ನೀನು ಜೆಟ್ಟಿಯಲ್ಲಿ ನನ್ನನ್ನು ಕಾಣದೇ ಇದ್ದದ್ದಕ್ಕೆ ಕಾರಣ ಅದು.

ಮೇ ತಿಂಗಳಿನಲ್ಲಿ ನೀನು ಕೇಳಿದಾಗ ಒಂದೇ ಸಾಲು ಸಾಕಿತ್ತು. ಬರೆಯಲಿಲ್ಲ. ಸತ್ತವನು ಎದ್ದು ಬರುವುದಿಲ್ಲವಲ್ಲ ಎಂದುಕೊಂಡೆ. ನೂರು ವರ್ಷದ ಮಾತು ಬರೀ ಜಂಬ. ಆ ಗೋಡೆ ಎಷ್ಟು ನೀರಿಗೆ ಎಂದು ಲೆಕ್ಕ ಹಾಕಿದವನು ನಾನು, ಹನ್ನೊಂದು ಅಡಿಗಿಂತ ಮೇಲೆ ಬಂದರೆ ಏನಾಗುತ್ತದೆ ಎಂದು ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಕೋರಾಳ ವಿಷಯ ಓದಿ ಹೆದರಿದೆ. ಆಗಲಾದರೂ ಸ್ಪಷ್ಟವಾಗಿ ಬರೆಯಬಹುದಿತ್ತು. ಮಂಡಿಗೆ ಒಳ್ಳೆಯದು ಎಂದು ಬರೆದೆ.

ನೀನು ಫೋನಿನಲ್ಲಿ ಒತ್ತಾಯ ಮಾಡದೇ ಇದ್ದದ್ದು ನಿನ್ನ ತಪ್ಪಲ್ಲ. ನನ್ನ ಮಾತನ್ನು ನಂಬಿದ್ದೆ. ಕ್ಷಮೆ ಕೇಳುವ ಮುಖವಿಲ್ಲ.

ವೇಣುಗೋಪಾಲ


ಸನ್ನಿಬ್ಯಾಂಕ್, ಬ್ರಿಸ್ಬೇನ್
23 ಮಾರ್ಚ್ 2014

ವೇಣುಗೋಪಾಲ ಅವರಿಗೆ,

ನಿಮ್ಮ ಕಾಗದವನ್ನು ಅಮ್ಮನ ಕೈಗೆ ಕೊಟ್ಟೆ. ಪೂರ್ತಿ ಓದಿ ಮಡಚಿಟ್ಟು, “ನಂಗೆ ಗೊತ್ತಿತ್ತು” ಎಂದರು. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. “ನಿಮ್ಮಪ್ಪನೇ ಬೇಡ ಅಂದಿದ್ರು. ಬಿಟ್ಟು ಬಂದೋನಿಗೆ ದೂರೋ ಹಕ್ಕಿಲ್ಲ ಅಂತಿದ್ರು” ಎಂದರು. ಆಮೇಲೆ ಬೀರು ತೆಗೆದು ಫೋಟೋ ತಾವೇ ಹಾಕಿದರು.

ನಾನು ಪುಸ್ತಕದಲ್ಲಿ ಅವರ ಮೇಲೆ ಸುಳ್ಳು ಬರೆದಾಯಿತು. ಸಂಚಿಕೆಯ ಐನೂರು ಪ್ರತಿ ಅಚ್ಚಾಗಿ ಸಂಘದ ಗ್ಯಾರೇಜಿನಲ್ಲಿವೆ. ಹಬ್ಬ ನಡೆಯಲಿಲ್ಲ, ಯಾರೂ ಕೇಳುವವರಿಲ್ಲ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಜನ ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಲು ತೊಡಗಿದ್ದಾರೆ ಎಂದು ಮರಿತೆಸ್ ಹೇಳಿದಳು. ಗೆರೆಯ ವಿಷಯವನ್ನು, ಗೋಡೆಯ ಲೆಕ್ಕವನ್ನು ಪೂರ್ತಿಯಾಗಿ ಬರೆದು, ಆಗಿನ ಮುಖ್ಯ ಇಂಜಿನಿಯರ್ ಎಂದು ಸಹಿ ಹಾಕಿ ಅಲ್ಲಿನ ಪುರಸಭೆಗೆ ಕಳಿಸಿ. ಅಪ್ಪನ ನಕಾಶೆಯ ಪ್ರತಿ ಇದರ ಜೊತೆಗಿದೆ.

ಮಧುರಾ


ಸ್ಯಾಲಿಸ್‌ಬರಿ, ಅಡಿಲೇಡ್
2 ಮೇ 2014

ಮಧುರಾ,

ಬರೆದು ಕಳಿಸಿದ್ದೇನೆ, ಒಂಬತ್ತು ಪುಟ. ಬ್ಲೇಡಿನ ವಿಷಯವನ್ನೂ ಬಿಟ್ಟಿಲ್ಲ. ವರುಣನೇ ಟೈಪ್ ಮಾಡಿಕೊಟ್ಟ. ಐದನೇ ಪುಟಕ್ಕೆ ಕೈ ನಿಲ್ಲಿಸಿ, “ಅಪ್ಪಾ, ಇದನ್ನ ಕಳಿಸ್ಲೇಬೇಕಾ?” ಎಂದ. ಕಳಿಸಲೇಬೇಕು ಎಂದೆ. ಮುಗಿಸಿಕೊಟ್ಟ. ಆಮೇಲಿಂದ ಮನೆಯಲ್ಲಿ ನನ್ನೊಡನೆ ಮಾತು ಕಡಿಮೆಯಾಗಿದೆ. ಮೊಮ್ಮಕ್ಕಳಿಗೆ ನನ್ನ ಕನ್ನಡ ಅರ್ಥವಾಗುತ್ತದೆ, ಅವರ ಇಂಗ್ಲಿಷು ನನ್ನ ಕಿವಿಗೆ ಬೀಳುವುದಿಲ್ಲ.

ಪುರಸಭೆಯಿಂದ ಎರಡು ಸಾಲಿನ ಉತ್ತರ ಬಂತು. ವಂದನೆಗಳು, ನೀವು ಹೇಳುವ ನಕಾಶೆ ನಮ್ಮ ದಾಖಲೆಯಲ್ಲಿಲ್ಲ, ವಿಷಯವನ್ನು ಸಭೆಯ ಮುಂದಿಡುತ್ತೇವೆ. ನಾನೂ ಒಂದು ಕಾಲದಲ್ಲಿ ಇಂಥ ಉತ್ತರಗಳನ್ನೇ ಬರೆಯುತ್ತಿದ್ದೆ.

ಇನ್ನೇನು ಮಾಡಲಿ ಹೇಳು. ಏನು ಹೇಳಿದರೂ ಮಾಡುತ್ತೇನೆ.

ವೇಣುಗೋಪಾಲ


ಸನ್ನಿಬ್ಯಾಂಕ್, ಬ್ರಿಸ್ಬೇನ್
21 ಸೆಪ್ಟೆಂಬರ್ 2014

ವೇಣು ಅಂಕಲ್,

ಆಗಸ್ಟಿನಲ್ಲಿ ಲುಂಬಾಯನ್‌ಗೆ ಹೋಗಿ ಬಂದೆ. ಬಂದ ಮೇಲೂ ಒಂದು ತಿಂಗಳು ನಿಮಗೆ ಬರೆಯಲಾಗಲಿಲ್ಲ.

ನಾನಿದ್ದಾಗಲೇ ಸಭೆ ಇಟ್ಟರು, ಚರ್ಚಿನ ಅಂಗಳದಲ್ಲಿ. ನಿಮ್ಮ ಒಂಬತ್ತು ಪುಟವನ್ನು ಶಾಲೆಯ ಟೀಚರೊಬ್ಬರು ಅವರ ಭಾಷೆಯಲ್ಲಿ ಓದಿದರು. ಯಾರೂ ಗಲಾಟೆ ಮಾಡಲಿಲ್ಲ, ನಿಮ್ಮನ್ನು ಯಾರೂ ಬೈಯಲಿಲ್ಲ. ಅದನ್ನು ತಿಳಿಸಿದರೆ ನಿಮಗೆ ಸಮಾಧಾನವಾಗುತ್ತದೋ ಸಂಕಟವಾಗುತ್ತದೋ ಗೊತ್ತಿಲ್ಲ. ಅಪ್ಪನ ನಕಾಶೆಯನ್ನು ಎತ್ತಿ ಹಿಡಿದು ತೋರಿಸಿದೆ. ಮುಂದೆ ಕೂತಿದ್ದ ಒಬ್ಬ ಮುದುಕ ಎದ್ದು ಬಂದು, ಕೆಂಪು ಗೆರೆಯ ಮೇಲೆ ಬೆರಳು ಓಡಿಸಿ, ಹೌದು, ನೀರು ಇಲ್ಲಿಗೇ ಬಂದದ್ದು ಎಂದ. ಆಮೇಲೆ ನನ್ನ ಮುಖ ನೋಡಿ, ಸರಿ, ನಾವು ಎಲ್ಲಿಗೆ ಹೋಗಬೇಕು ಎಂದು ಕೇಳಿದ.

ಮೇಯರ್ ನನ್ನ ಕಡೆ ನೋಡಿದರು. ನಾನು ಮೇಯರ್ ಕಡೆ ನೋಡಿದೆ.

ಗುಡ್ಡದ ತೆಂಗಿನ ತೋಟ ಈಗಿಲ್ಲ. ಆ ಮನೆತನದ ಮೊಮ್ಮಕ್ಕಳು ಅದನ್ನು ಲೇಔಟ್ ಮಾಡಿ ಮಾರಿದ್ದಾರೆ. ಹೊರದೇಶದಲ್ಲಿ ದುಡಿಯುವವರೆಲ್ಲ ಅಲ್ಲಿ ಮನೆ ಕಟ್ಟಿಸಿ ಬೀಗ ಹಾಕಿದ್ದಾರೆ. ನಮ್ಮ ಸಂಘದವರದೇ ಆರು ಮನೆಗಳಿವೆ, ಬೆನ್ನುನೋವಿನ ವೆಲ್ಡರನದೂ ಒಂದು. ಒಂದು ಮನೆಯನ್ನಾದರೂ ತೆರೆದುಕೊಡಿ ಎಂದು ಇಲ್ಲಿ ಬಂದು ಕೇಳಿದೆ. ನಮ್ಮ ತಂದೆತಾಯಿಗೆಂದು ಕಟ್ಟಿದ್ದು ಡಾಕ್ಟ್ರೇ ಎಂದರು. ಇಬ್ಬರ ತಂದೆತಾಯಿ ನೀರಿನಲ್ಲಿ ಹೋಗಿದ್ದಾರೆ. ಮೇಲಿನ ಮನೆಗೆ ಬನ್ನಿ ಎಂದರೆ ಬಂದಿರಲಿಲ್ಲವಂತೆ, ದಡದಲ್ಲಿ ಮಾತಿಗೆ ಜನ ಸಿಗುತ್ತಾರೆ ಎಂದು.

ಸರ್ಕಾರ ಕಡಲಿನಿಂದ ಹದಿನಾಲ್ಕು ಕಿಲೋಮೀಟರ್ ಒಳನಾಡಿನಲ್ಲಿ ತಗಡಿನ ಶೆಡ್ಡುಗಳನ್ನು ಕಟ್ಟಿದೆ. ಮರಿತೆಸ್ ನಾಲ್ಕು ತಿಂಗಳು ಅಲ್ಲಿದ್ದು ವಾಪಸ್ಸು ಬಂದಳು. ಅವಳ ಜೊತೆ ಜಗಳವಾಡಿದೆ. ನಕಾಶೆ ತೋರಿಸಿದೆ, ನಿನ್ನಮ್ಮನನ್ನು ನೋಡು ಎಂದೆ, ಹೇಳಬಾರದ್ದನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. “ಅಲ್ಲಿ ಕಡಲಿಲ್ಲ ಮಧುರಾ. ನಾವು ಏನನ್ನು ಹಿಡಿಯೋದು?” ಎಂದಳು. ಬ್ರಿಸ್ಬೇನಿಗೆ ಬಾ, ವೀಸಾ ಪ್ರಯತ್ನ ಮಾಡೋಣ ಎಂದೆ. ಯಾವ ವೀಸಾ ಎಂದು ನನಗೂ ಗೊತ್ತಿಲ್ಲ. ಮೀನು ಮಾರುವ ನಲವತ್ಮೂರು ವರ್ಷದ ಹೆಂಗಸಿಗೆ, ಮೂರು ಮಕ್ಕಳಿಗೆ ಯಾವುದೂ ಇಲ್ಲ. ಅವಳು ನನ್ನ ಕೆನ್ನೆ ಮುಟ್ಟಿದಳು. ಅವಳಮ್ಮನೂ ಹಾಗೇ ಮಾಡುತ್ತಿದ್ದಳು.

ಕೋರಾ ಸಿಕ್ಕಲೇ ಇಲ್ಲ. ಚರ್ಚಿನ ಹಿಂದೆ ಸತ್ತವರನ್ನು ಒಟ್ಟಿಗೆ ಹೂತ ದೊಡ್ಡ ಗುಂಡಿಯ ಮುಂದೆ ಹೆಸರುಗಳ ಹಲಗೆ ಇದೆ. ಅದರಲ್ಲಿ ಅವಳ ಹೆಸರನ್ನೂ ಬರೆಸಿದೆವು.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ಅಮ್ಮ ಕೇಳಿದರು. ಆ ಮುದುಕನ ಮುಂದೆ ನಿಂತಿದ್ದಾಗ ನಿಮ್ಮ ನೆನಪು ಬಂತು, ಸಿಟ್ಟಿಲ್ಲದೆ. ಅಷ್ಟನ್ನು ಹೇಳಬಲ್ಲೆ.

ಹೊರಡುವ ಹಿಂದಿನ ದಿನ ಮರಿತೆಸ್ ಮನೆಗೆ ಕಂಬ ನಿಲ್ಲಿಸುತ್ತಿದ್ದರು. ಅಪ್ಪನ ಗೆರೆಯಿಂದ ಅರವತ್ತು ಹೆಜ್ಜೆ ಕೆಳಗೆ. ನಾನೇ ನಡೆದು ಎಣಿಸಿದ್ದೆ. ಒಂದು ಕೈ ಕಡಿಮೆ ಬಿತ್ತು, ಬಾ ಎಂದು ಕರೆದಳು. ಬರುವುದಿಲ್ಲ ಎನ್ನಬೇಕೆಂದು ದೂರದಲ್ಲೇ ನಿಂತಿದ್ದೆ. ಮಕ್ಕಳು ನೋಡುತ್ತಿದ್ದರು. ಹೋಗಿ ಎರಡೂ ಕೈಯಲ್ಲಿ ಕಂಬ ಹಿಡಿದುಕೊಂಡೆ. ಅವಳು ಬುಡಕ್ಕೆ ಮಣ್ಣು ತುಂಬಿ ಕಲ್ಲು ಕೂರಿಸಿ ಎದ್ದಳು, ಸ್ವಲ್ಪ ಹಿಂದೆ ಸರಿದು ನೋಡಿ, “ನೇರ ಇದೆಯಾ?” ಎಂದು ಕೇಳಿದಳು.

ಇದೆ ಎಂದೆ.

ಮಧುರಾ